ಮೊದಲ ಎಲ್ಕ್ ಬೇಟೆಗೆ ಯಾವ ತೋಟೆ?

ಸೆಪ್ಟೆಂಬರ್‌ನ ಒಂದು ಶನಿವಾರ ಫೋನಿಗೆ ಫೋಟೋ ಬಂತು. ಅಂಗಡಿಯ ಕಪಾಟು, ಕಪಾಟಿನ ಮುಂದೆ ಒಂದು ಕೈ, ಕೈಯಲ್ಲಿ ಎರಡು ತೋಟೆಯ ಡಬ್ಬಿ. ಕೆಳಗೆ ಒಂದೇ ಸಾಲು: "ಅಣ್ಣಾ, ಯಾವುದು ತಗೊಳ್ಲಿ?"

ಕಳಿಸಿದವನು ದಾವಣಗೆರೆ ಕಡೆಯ ಹುಡುಗ, ಡೆನ್ವರ್‌ನಲ್ಲಿ ಕೆಲಸ. ಅಕ್ಟೋಬರ್ ಕೊನೆಗೆ ಆಫೀಸಿನವರ ಜೊತೆ ಕೊಲೊರಾಡೊದ ಬೆಟ್ಟಕ್ಕೆ ಎಲ್ಕ್ (ಅಲ್ಲಿನ ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೊರಟಿದ್ದ. ಹೆಣ್ಣು ಎಲ್ಕ್‌ನ ಲೈಸೆನ್ಸ್ ಸಿಕ್ಕಿತ್ತು. ಕೈಯಲ್ಲಿದ್ದ ಒಂದು ಡಬ್ಬಿ .300 ವಿಂಚೆಸ್ಟರ್ ಮ್ಯಾಗ್ನಮ್, ಇನ್ನೊಂದು .30-06. "ನಿನ್ನ ರೈಫಲ್ ಯಾವುದು ಮಾರಾಯ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಉತ್ತರ ಇಲ್ಲ. ಆಮೇಲೆ, "ಗೊತ್ತಿಲ್ಲ ಅಣ್ಣಾ. ಜೊತೆಯವರು ಒಂದು ಕೊಡ್ತೀನಿ ಅಂದಿದಾರೆ."

ಡಬ್ಬಿ ವಾಪಸ್ ಇಡು ಅಂದೆ. ಅವನಿಗೆ ಆಮೇಲೆ ಕಂತು ಕಂತಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಇರುವ ನಮ್ಮವರು ಬೇಟೆಗೆ ಹೋಗುವುದು ಕಡಿಮೆ. ಹೋಗುವವರು ಕನ್ನಡದಲ್ಲಿ ಕೇಳಿ ತಿಳಿದುಕೊಳ್ಳೋಣ ಅಂದರೆ ಹೇಳುವವರು ಇನ್ನೂ ಕಡಿಮೆ.

ನಾನು ಸಕಲೇಶಪುರದ ಕಡೆಯವನು. ಮನೆಯಲ್ಲಿ ಜೋಡುನಳಿಗೆ ಕೋವಿ ಇತ್ತು, ತೋಟಕ್ಕೆ ನುಗ್ಗುವ ಹಂದಿ ಹೆದರಿಸೋಕೆ. ಅಲ್ಲಿ ತೋಟೆಯ ಆಯ್ಕೆ ಅಂದರೆ ಎಲ್‌ಜಿಯೋ ಎಸ್‌ಜಿಯೋ (ಒಳಗಿನ ಚರೆಯ ಅಳತೆ), ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನುವುದು ಅಜ್ಜಂದಿರ ಕಥೆಯಾಗಿ ಉಳಿಯಿತು. ಹಾಗಾಗಿ ರೈಫಲ್ ತೋಟೆಯ ವಿಷಯದಲ್ಲಿ ನಾನೂ ಇಲ್ಲಿಗೆ ಬಂದೇ ಕಲಿತವನು. ಮೊದಲ ವರ್ಷ ಸರಿಯಾಗಿ ತಪ್ಪು ಮಾಡಿ ಕಲಿತೆ. ಅದನ್ನು ಮುಂದೆ ಹೇಳುತ್ತೇನೆ.

ಡಬ್ಬಿಗಿಂತ ಮೊದಲು ಕಾಗದಪತ್ರ

ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟೆಯಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ತಡೆಯುತ್ತದೆ. ಇದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಅಂದರೆ ವೀಸಾದವರು ಲೈಸೆನ್ಸ್ ಕೈಗೆ ಬರುವ ಮುಂಚೆ ಒಂದು ಡಬ್ಬಿ ತೋಟೆಯನ್ನೂ ಮನೆಗೆ ತರಬಾರದು. ಇದನ್ನು ಹಗುರವಾಗಿ ತಗೋಬೇಡಿ. ಅನುಮಾನ ಇದ್ದರೆ ವೀಸಾ ವಕೀಲರಿಗೆ ಒಂದು ಫೋನ್ ಮಾಡಿ. ಗೆಳೆಯರ ಮಾತು ಇಲ್ಲಿ ನಡೆಯಲ್ಲ.

ಕೊಲೊರಾಡೊದ ನಿಯಮವನ್ನೂ ಹೇಳಿಬಿಡುತ್ತೇನೆ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ತರಗತಿ ಮುಗಿಸಿದ ಕಾರ್ಡ್ ತೋರಿಸಬೇಕು. ಎಲ್ಕ್‌ಗೆ ಗುಂಡಿನ ಅಡ್ಡಳತೆ ಕಡಿಮೆ ಅಂದರೂ .24 ಇಂಚು, ತೂಕ 85 ಗ್ರೇನ್, 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ ಇರಬೇಕು. ಗುಂಡು ಬಡಿದಾಗ ಅರಳುವಂಥದ್ದೇ ಆಗಬೇಕು. ಸೈನ್ಯದ ಮಾದರಿಯ, ಪೂರ್ತಿ ಕವಚದ ಗುಂಡು ನಡೆಯಲ್ಲ. ಬೇರೆ ರಾಜ್ಯಗಳ ಲೆಕ್ಕ ಬೇರೆ. ಆ ವರ್ಷದ ನಿಯಮದ ಪುಸ್ತಕವನ್ನೇ ನೋಡಿ.

ಗ್ರೇನ್ ಅಂದರೆ ಏನು ಅಂತ ಹುಡುಗ ಕೇಳಿದ. ಡಬ್ಬಿಯ ಮೇಲೆ 150, 165, 180 ಅಂತ ಬರೆದಿರುವುದು ಗುಂಡಿನ ತೂಕ. ನಮಗೆ ಇದನ್ನು ನೆನಪಿಟ್ಟುಕೊಳ್ಳೋದು ಸುಲಭ. ಚಿನ್ನದಂಗಡಿಯ ಹಳೆಯ ತೊಲ ಅಂದರೆ ಸರಿಯಾಗಿ 180 ಗ್ರೇನ್, 11.66 ಗ್ರಾಂ. 180 ಗ್ರೇನಿನ ಗುಂಡು ಹಾರಿಸುವವನು ಒಂದು ತೊಲ ಹಾರಿಸುತ್ತಾನೆ. ಪುಣ್ಯಕ್ಕೆ ಚಿನ್ನ ಅಲ್ಲ.

ಯಾವ ಹೆಸರಿನ ತೋಟೆ

ಮೊದಲ ಮಾತು ಸುರಕ್ಷತೆಯದು. ರೈಫಲಿನ ನಳಿಗೆಯ ಮೇಲೆ ಕೊರೆದಿರುವ ಹೆಸರೂ ಡಬ್ಬಿಯ ಮೇಲಿನ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. .300 ಅಂತ ಶುರುವಾಗುವ ತೋಟೆಗಳೇ ಅರ್ಧ ಡಜನ್ ಇವೆ. .270 ವಿಂಚೆಸ್ಟರ್ ಬೇರೆ, .270 ವಿಂಚೆಸ್ಟರ್ ಶಾರ್ಟ್ ಮ್ಯಾಗ್ನಮ್ ಬೇರೆ. "ಹತ್ತಿರ ಹತ್ತಿರ ಇದೆಯಲ್ಲ" ಅಂತ ತುರುಕಿದರೆ ಒಡೆಯುವುದು ನಿಮ್ಮ ಮುಖದ ಪಕ್ಕದಲ್ಲಿ. ಹುಡುಗನಿಗೆ ಸಿಕ್ಕ ರೈಫಲ್ .30-06 ಅಂತ ಆಮೇಲೆ ಗೊತ್ತಾಯಿತು. ಅವನ ಕೈಯಲ್ಲಿದ್ದ ಎರಡರಲ್ಲಿ ದುಬಾರಿಯದು ಅವನ ಕೆಲಸಕ್ಕೇ ಬರುತ್ತಿರಲಿಲ್ಲ.

ರೈಫಲ್ ಇನ್ನೂ ಕೊಳ್ಳಬೇಕು ಅನ್ನುವವರಿಗೆ ಮಾತ್ರ ಈ ಹೆಸರುಗಳ ಹೋಲಿಕೆ ಬೇಕು. .30-06 ಅಂದರೆ 0.30 ಇಂಚಿನ ನಳಿಗೆಗೆ ಅಂತ 1906ರಲ್ಲಿ ಅಮೆರಿಕದ ಸೈನ್ಯ ತಂದ ತೋಟೆ. ನೂರು ವರ್ಷ ದಾಟಿದರೂ ಬೆಟ್ಟದ ಬುಡದ ಯಾವ ಸಣ್ಣ ಊರಿನ ಅಂಗಡಿಗೆ ಹೋದರೂ ಸಿಗುತ್ತದೆ. .308 ವಿಂಚೆಸ್ಟರ್ ಬಂದಿದ್ದು 1952ರಲ್ಲಿ. ಕೇಸು (ಮದ್ದು ತುಂಬುವ ಹಿತ್ತಾಳೆ ಕೊಳವೆ) ಗಿಡ್ಡ, ಒದೆತ ಸ್ವಲ್ಪ ಕಡಿಮೆ, ಕೆಲಸ ಹೆಚ್ಚುಕಡಿಮೆ ಅದೇ. .270 ವಿಂಚೆಸ್ಟರ್ 1925ರದು. ಹೆಗಲಿಗೆ ಹಿತ, ಗುಂಡು ನೆಟ್ಟಗೆ ಹಾರುತ್ತದೆ. ಹಳೆಯ ಬೇಟೆಗಾರರು ಇದರಲ್ಲೇ ಜೀವಮಾನವಿಡೀ ಎಲ್ಕ್ ಹೊಡೆದಿದ್ದಾರೆ. 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, 1963ರ .300 ವಿಂಚೆಸ್ಟರ್ ಮ್ಯಾಗ್ನಮ್ ಇವೆರಡೂ ಜಾಸ್ತಿ ಮದ್ದು, ಜಾಸ್ತಿ ವೇಗ, ಜಾಸ್ತಿ ಒದೆತದವು. 2022ರಲ್ಲಿ ಬಂದ 7 ಎಂಎಂ ಪಿಆರ್‌ಸಿಯ ಹೆಸರು ಈಗ ಎಲ್ಲರ ಬಾಯಲ್ಲಿ. ಚೆನ್ನಾಗಿದೆ, ಆದರೆ ಡಬ್ಬಿ ಮನೆಯಲ್ಲೇ ಮರೆತು ಬಂದರೆ ಹಳ್ಳಿಯ ಅಂಗಡಿಯಲ್ಲಿ ಸಿಗುತ್ತೆ ಅನ್ನೋ ಭರವಸೆ ಬೇಡ.

ಎಲ್ಲರೂ ಜಗಳ ಆಡುವುದು 2007ರ 6.5 ಕ್ರೀಡ್‌ಮೋರ್ ಬಗ್ಗೆ. ಎಲ್ಕ್‌ಗೆ ಅದು ಸಾಲಲ್ಲ ಅನ್ನುವವರು ಒಂದು ಕಡೆ, ಧಾರಾಳ ಸಾಕು ಅನ್ನುವವರು ಇನ್ನೊಂದು ಕಡೆ. ನನ್ನ ಅನಿಸಿಕೆ: ಗಟ್ಟಿ ಗುಂಡು ಹಾಕಿ, 300 ಗಜದ ಒಳಗೆ, ಅಡ್ಡಡ್ಡ ನಿಂತ ಪ್ರಾಣಿಗೆ ಹೊಡೆದರೆ ಸಾಕು. ಪ್ರಾಣಿ ಓರೆಯಾಗಿ ನಿಂತು, ಭುಜದ ಮೂಳೆ ಅಡ್ಡ ಬಂದರೆ ಗುಂಡು ಹಾರಿಸದೆ ಕಾಯುವ ತಾಳ್ಮೆ ನಿಮಗೆ ಇರಬೇಕು. ಇದರ ಒದೆತ .30-06ರ ಮೂರರಲ್ಲಿ ಎರಡು ಪಾಲು ಅಷ್ಟೇ. ಸಣ್ಣ ಮೈಕಟ್ಟಿನವರಿಗೆ, ಕೋವಿ ಹೊಸದಾಗಿ ಹಿಡಿದವರಿಗೆ ಅದು ಸಣ್ಣ ವಿಷಯ ಅಲ್ಲ. ಇನ್ನೂ ಸಣ್ಣ ತೋಟೆ .243 ಕಾನೂನಿನ ಲೆಕ್ಕದಲ್ಲಿ ಪಾಸಾಗುತ್ತದೆ. ಮೊದಲ ಬೇಟೆಗೆ ನಾನು ಅದನ್ನು ಯಾರಿಗೂ ಹೇಳಲ್ಲ.

ಈಗ ಲೆಕ್ಕ ನೋಡೋಣ. ಮಾಮೂಲಿ 180 ಗ್ರೇನಿನ .30-06 ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ 2,700 ಅಡಿ ವೇಗದಲ್ಲಿರುತ್ತದೆ. ಅದೇ ತೂಕದ .300 ಮ್ಯಾಗ್ನಮ್ ಗುಂಡು 2,960 ಅಡಿ. ಎರಡನ್ನೂ 200 ಗಜಕ್ಕೆ ಗುರಿ ಕೂರಿಸಿದರೆ, ಅಂದರೆ ಆ ದೂರದಲ್ಲಿ ದುರ್ಬೀನು ತೋರಿಸಿದ ಕಡೆಗೇ ಗುಂಡು ಬೀಳುವ ಹಾಗೆ ಹೊಂದಿಸಿದರೆ, 300 ಗಜದಲ್ಲಿ .30-06 ಸುಮಾರು 9 ಇಂಚು ಕೆಳಗೆ ಬೀಳುತ್ತದೆ, ಮ್ಯಾಗ್ನಮ್ ಸುಮಾರು 7. ವ್ಯತ್ಯಾಸ ಎರಡು ಇಂಚು. ಎಲ್ಕ್‌ನ ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ದೊಡ್ಡ ಊಟದ ತಟ್ಟೆಯಷ್ಟಿದೆ. ಶಕ್ತಿಯ ಲೆಕ್ಕಕ್ಕೆ ಬಂದರೆ 300 ಗಜದಲ್ಲಿ .30-06ಗೆ ಸುಮಾರು 1,800 ಫುಟ್-ಪೌಂಡ್ ಉಳಿದಿರುತ್ತದೆ, ಮ್ಯಾಗ್ನಮ್‌ಗೆ 2,200ರ ಮೇಲೆ. ಎಲ್ಕ್‌ಗೆ 1,500 ಇದ್ದರೆ ಸಾಕು ಅಂತ ಬೇಟೆಗಾರರಲ್ಲಿ ಒಂದು ರೂಢಿಯ ಲೆಕ್ಕ ಇದೆ. ಎರಡೂ ದಾಟಿದವು. ಆ ಎರಡು ಇಂಚಿಗೆ ನೀವು ಕೊಡುವ ಬೆಲೆ ಏನು ಗೊತ್ತಾ? ಕಾಲು ಭಾಗಕ್ಕಿಂತ ಜಾಸ್ತಿ ಹೆಚ್ಚಿನ ಒದೆತ.

ನನ್ನ ತಪ್ಪು ಅಲ್ಲೇ ಆಗಿದ್ದು. ಮೊದಲ ವರ್ಷ ಅಂಗಡಿಯವನ ಮಾತು ಕೇಳಿ ಹಗುರವಾದ .300 ಮ್ಯಾಗ್ನಮ್ ಕೊಂಡೆ. ಬೆಟ್ಟ ಹತ್ತೋಕೆ ಹಗುರ ಒಳ್ಳೆಯದು ಅಂದ. ಹಗುರ ಕೋವಿ ಜಾಸ್ತಿ ಒದೆಯುತ್ತದೆ ಅಂತ ಅವನು ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಗುರಿ ಅಭ್ಯಾಸದ ಮೈದಾನದಲ್ಲಿ ಮೂರನೇ ಡಬ್ಬಿ ಮುಗಿಯುವ ಹೊತ್ತಿಗೆ ಗುಂಡುಗಳು ಕಾಗದದ ಮೇಲೆ ಎಲ್ಲೆಲ್ಲೋ. ದುರ್ಬೀನು ಸರಿ ಇಲ್ಲ ಅಂತ ಬೈಯುತ್ತಿದ್ದೆ. ಪಕ್ಕದ ಮೇಜಿನ ಮುದುಕರೊಬ್ಬರು ನೋಡುತ್ತಿದ್ದರು. "ನಿನ್ನ ಮ್ಯಾಗಜೀನ್ ನಾನು ತುಂಬಿ ಕೊಡ್ತೀನಿ, ನೀನು ಹೊಡಿ" ಅಂದರು. ಎರಡು ಗುಂಡು ಹಾರಿತು. ಮೂರನೆಯದಕ್ಕೆ ಟಿಕ್ ಅಂತ ಬರೀ ಸದ್ದು. ನನಗೆ ಗೊತ್ತಾಗದ ಹಾಗೆ ಒಂದು ಖಾಲಿ, ಅಭ್ಯಾಸದ ತೋಟೆ ಸೇರಿಸಿದ್ದರು. ಗುಂಡು ಹಾರಲಿಲ್ಲ, ಆದರೂ ನಳಿಗೆಯ ತುದಿ ಗದ್ದೆಯ ಕೊಕ್ಕರೆ ಮೀನಿಗೆ ಬಗ್ಗಿದ ಹಾಗೆ ಕೆಳಕ್ಕೆ ಬಗ್ಗಿತ್ತು. ನನ್ನ ಹೆಗಲು ಒದೆತ ಬರುವ ಮುಂಚೆಯೇ ಹೆದರಿ ಮುಂದೆ ನುಗ್ಗುತ್ತಿತ್ತು. ದುರ್ಬೀನಿಗೆ ಏನೂ ಆಗಿರಲಿಲ್ಲ.

ಆ ವರ್ಷ ನಾನು ಎಲ್ಕ್ ನೋಡಿದೆ, 180 ಗಜದಲ್ಲಿ. ಹೊಡೆದ ಗುಂಡು ಅದರ ಹೊಟ್ಟೆಯ ಕೆಳಗಿನ ಹಿಮಕ್ಕೆ ಬಿತ್ತು. ಪ್ರಾಣಿಗೆ ತಾಗಲಿಲ್ಲ ಅನ್ನುವುದೊಂದೇ ಸಮಾಧಾನ. ಮುಂದಿನ ಬೇಸಿಗೆಯಲ್ಲಿ ಆ ರೈಫಲ್ ಮಾರಿ ಹಳೆಯ .30-06 ಕೊಂಡೆ. ಇವತ್ತಿಗೂ ಅದೇ.

ಡಬ್ಬಿಯೊಳಗಿನ ಗುಂಡು

ಹೆಸರಿನ ಜಗಳ ಅಷ್ಟಕ್ಕೇ ಬಿಡಿ. ನಿಮ್ಮ ದುಡ್ಡು, ನಿಮ್ಮ ಯೋಚನೆ ಹೋಗಬೇಕಾದ್ದು ಇಲ್ಲಿಗೆ. ಒಂದೇ ಕಪಾಟಿನಲ್ಲಿ .30-06ರ ಹತ್ತು ಬಗೆಯ ಡಬ್ಬಿ ಇರುತ್ತವೆ. 20 ತೋಟೆಯ ಡಬ್ಬಿಗೆ ಒಂದು ಮೂವತ್ತು ಡಾಲರ್ ಆದರೆ, ಪಕ್ಕದ್ದು ಅದರ ಎರಡರಷ್ಟು. ಯಾಕೆ?

ಹೆಣ್ಣು ಎಲ್ಕ್ ಸುಮಾರು 225 ಕೆಜಿ, ದೊಡ್ಡ ಗಂಡು 320 ಕೆಜಿ ತೂಗುತ್ತದೆ. ಇಲ್ಲಿನ ಮಾಮೂಲಿ ಜಿಂಕೆಯ ಮೂರು ನಾಲ್ಕು ಪಟ್ಟು. ನಮ್ಮ ಕಡವೆಯನ್ನು ನೋಡಿದವರು ಅದನ್ನು ಇನ್ನೂ ಒಂದು ಸುತ್ತು ದೊಡ್ಡದು ಮಾಡಿ ಊಹಿಸಿಕೊಳ್ಳಿ. ಚರ್ಮ ದಪ್ಪ, ಭುಜದ ಮೂಳೆ ಗಟ್ಟಿ, ಪಕ್ಕೆಯಿಂದ ಪಕ್ಕೆಗೆ ಗುಂಡು ಹೋಗಬೇಕಾದ ದಾರಿ ಉದ್ದ. ಜಿಂಕೆಗೆ ಸಾಕಾಗುವ ಗುಂಡು ಇದರ ಭುಜಕ್ಕೆ ಬಡಿದು ಅಲ್ಲೇ ಪುಡಿಯಾದರೆ ಪ್ರಾಣಿ ಗಾಯ ಹೊತ್ತುಕೊಂಡು ಎರಡು ಕಣಿವೆ ದಾಟಿ ಹೋಗಿ ನರಳಿ ಸಾಯುತ್ತದೆ. ಅದಕ್ಕಿಂತ ಕೆಟ್ಟದ್ದು ಬೇಟೆಯಲ್ಲಿ ಇನ್ನೊಂದಿಲ್ಲ.

ಗುಂಡಿನ ಕಟ್ಟನ್ನು ಕರಿಗಡುಬಿನ ಲೆಕ್ಕದಲ್ಲಿ ಹೇಳಿದರೆ ಹುಡುಗನಿಗೆ ತಕ್ಷಣ ಅರ್ಥವಾಯಿತು. ಅಗ್ಗದ ಡಬ್ಬಿಯ ಗುಂಡಿನಲ್ಲಿ ಹೂರಣ ಸೀಸ, ಹೊರಗಿನ ಕಣಕ ತಾಮ್ರ. ಮೂತಿಯಲ್ಲಿ ಸೀಸ ಇಣುಕುತ್ತಿರುತ್ತದೆ. ಮೈಗೆ ಬಡಿದಾಗ ಅರಳಿ ಅಗಲವಾಗುತ್ತದೆ. 1939ರಿಂದ ಬರುತ್ತಿರುವ ರೆಮಿಂಗ್ಟನ್ ಕೋರ್-ಲಾಕ್ಟ್ ಈ ಜಾತಿಯದು. ಇದರಲ್ಲಿ ಎಲ್ಕ್ ಬಿದ್ದಿಲ್ಲ ಅಂತಲ್ಲ, ಎಷ್ಟೋ ಬಿದ್ದಿವೆ. ಭಾರದ ಗುಂಡು, .30-06 ಅಥವಾ .308ರ ಮಿತವಾದ ವೇಗ, ಪಕ್ಕೆಗೆ ಬಿದ್ದ ಏಟು ಮೂರೂ ಕೂಡಿದರೆ ಸಾಕು. ತೊಂದರೆ ಬರುವುದು ಹತ್ತಿರದಿಂದ, ಮ್ಯಾಗ್ನಮ್ ವೇಗದಲ್ಲಿ, ಮೂಳೆಗೆ ಬಡಿದಾಗ. ಕಣಕ ಹರಿದು ಹೂರಣ ಚೆಲ್ಲಿಹೋಗುತ್ತದೆ. ದೊಡ್ಡ ತೋಟೆ ಕೊಂಡು ಅಗ್ಗದ ಗುಂಡು ಹಾಕುವವರು ಎರಡೂ ಕಡೆ ಕಳೆದುಕೊಳ್ಳುತ್ತಾರೆ.

ಜಾನ್ ನಾಸ್ಲರ್ ಎಂಬ ಬೇಟೆಗಾರನಿಗೂ ಇದೇ ಆಗಿತ್ತು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಸರು ಮೆತ್ತಿಕೊಂಡ ದೊಡ್ಡ ಮೂಸ್‌ಗೆ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಮ್ಯಾಗ್ನಮ್‌ನಿಂದ ಹೊಡೆದರೆ ಗುಂಡುಗಳು ಒಳಗೆ ಇಳಿಯಲೇ ಇಲ್ಲ. ಮನೆಗೆ ಬಂದು ಕಡುಬಿನ ಮಧ್ಯದಲ್ಲಿ ತಾಮ್ರದ ಅಡ್ಡಗೋಡೆ ಇಟ್ಟ ಗುಂಡು ಮಾಡಿದ. ಮುಂದಿನ ಕೋಣೆಯ ಸೀಸ ಅರಳುತ್ತದೆ, ಹಿಂದಿನ ಕೋಣೆ ಗಟ್ಟಿಯಾಗಿ ಉಳಿದು ಒಳಕ್ಕೆ ನುಗ್ಗುತ್ತದೆ. 1948ರಲ್ಲಿ ಕಂಪನಿ ಶುರು ಮಾಡಿದ. ನಾಸ್ಲರ್ ಪಾರ್ಟಿಷನ್ ಈಗಲೂ ಎಲ್ಕ್ ಬೇಟೆಗಾರರ ನೆಚ್ಚಿನ ಗುಂಡು. ದೂರಕ್ಕೆ ಗಾಳಿ ಸೀಳಿ ಹೋಗುವುದರಲ್ಲಿ ಹೊಸ ಗುಂಡುಗಳ ಸಮಕ್ಕೆ ಬರಲ್ಲ, ಆದರೆ ಮೊದಲ ಬೇಟೆಯಲ್ಲಿ ಅಷ್ಟು ದೂರ ಹೊಡೆಯುವವರು ಯಾರು?

ಇನ್ನೊಂದು ದಾರಿ, ಸೀಸ ಮತ್ತು ತಾಮ್ರವನ್ನು ಬೆಸೆದು ಅಂಟಿಸಿದ ಬಾಂಡೆಡ್ ಗುಂಡು. ಕಣಕ ಹರಿದರೂ ಹೂರಣ ಬಿಟ್ಟು ಹೋಗಲ್ಲ. ನಾಸ್ಲರ್ ಆಕ್ಯುಬಾಂಡ್, ಫೆಡರಲ್ ಕಂಪನಿಯ ಟ್ರೋಫಿ ಬಾಂಡೆಡ್ ಟಿಪ್ ಈ ಗುಂಪಿನವು. ಯಾವುದು ಅಂತ ತಲೆ ಕೆಡಿಸಿಕೊಳ್ಳೋಕೆ ಪುರುಸೊತ್ತಿಲ್ಲದವರು 165 ಅಥವಾ 180 ಗ್ರೇನಿನ ಬಾಂಡೆಡ್ ಡಬ್ಬಿ ಎತ್ತಿಕೊಂಡು ಬನ್ನಿ, ತಪ್ಪಾಗಲ್ಲ. ಹಾರ್ನಡಿಯ ಇಎಲ್‌ಡಿ-ಎಕ್ಸ್ ತರಹದ ಗುಂಡುಗಳು ದೂರಕ್ಕೆ ಹೇಳಿ ಮಾಡಿಸಿದವು. 80 ಗಜದಲ್ಲಿ ಭುಜಕ್ಕೆ ಬಡಿದರೆ ಅವು ಬಾಂಡೆಡ್‌ನಷ್ಟು ಒಟ್ಟಾಗಿ ಉಳಿಯಲ್ಲ. ಗುರಿ ಸ್ಪರ್ಧೆಯ "ಮ್ಯಾಚ್" ಗುಂಡನ್ನು ಮುಟ್ಟಲೇಬೇಡಿ. ಕಾಗದದಲ್ಲಿ ತೂತು ಮಾಡೋಕೆ ಅಂತ ಮಾಡಿದ್ದು ಅದು.

ಕೊನೆಯದು ಪೂರ್ತಿ ತಾಮ್ರ. ಹೂರಣವೇ ಇಲ್ಲ. ಬಾರ್ನ್ಸ್ ಕಂಪನಿ 1989ರಲ್ಲಿ ಎಕ್ಸ್ ಗುಂಡು ತಂದಾಗಿನಿಂದ ಇದು ಬೆಳೆದಿದೆ. ಮೂತಿಯ ತೂತಿನಿಂದ ನಾಲ್ಕು ದಳವಾಗಿ ಬಿಚ್ಚಿಕೊಳ್ಳುತ್ತದೆ, ತೂಕ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ, ಆಳಕ್ಕೆ ಇಳಿಯುತ್ತದೆ. ನಾನು ಈಗ ಹಾಕುವುದು ಇದನ್ನೇ. ಕಾರಣ ಅಡುಗೆಮನೆ. ಸೀಸದ ಗುಂಡು ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದ ಸುತ್ತ ಬಹಳ ದೂರದವರೆಗೆ ಮಾಂಸದಲ್ಲಿ ಸೇರುತ್ತವೆ. 2008ರಲ್ಲಿ ನಾರ್ತ್ ಡಕೋಟಾದ ಆರೋಗ್ಯ ಇಲಾಖೆ, ಬಡವರಿಗೆ ಹಂಚೋಕೆ ಅಂತ ಬೇಟೆಗಾರರು ದಾನ ಕೊಟ್ಟಿದ್ದ ಜಿಂಕೆ ಕೈಮಾವನ್ನು ಇದೇ ಕಾರಣಕ್ಕೆ ಎಸೆಯಿರಿ ಅಂತ ಹೇಳಿತ್ತು. ಮನೆಯಲ್ಲಿ ಮಕ್ಕಳಿದ್ದರೆ ನನಗೆ ಇದರಲ್ಲಿ ಎರಡು ಮಾತಿಲ್ಲ. ಕಾಡಿನಲ್ಲಿ ಬಿಟ್ಟು ಬರುವ ಕರುಳನ್ನು ತಿನ್ನುವ ಹದ್ದುಗಳಿಗೂ ಅದೇ ಸೀಸ. ಕ್ಯಾಲಿಫೋರ್ನಿಯಾದ ಕಾಂಡರ್ ರಣಹದ್ದುಗಳು ಸೀಸದ ವಿಷಕ್ಕೆ ಸಾಯುವುದನ್ನು ತಡೆಯಬೇಕು ಅನ್ನುವುದು ದೊಡ್ಡ ಕಾರಣವಾಗಿ, ಆ ರಾಜ್ಯದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ನಿಷೇಧ. ಅಲ್ಲಿರುವ ಕನ್ನಡಿಗರಿಗೆ ಹೋಲಿಕೆಯ ಗೋಜೇ ಇಲ್ಲ, ತಾಮ್ರವೇ ಗತಿ.

ತಾಮ್ರಕ್ಕೆ ಎರಡು ಷರತ್ತು ಇವೆ. ಒಂದು, ಇದು ಅರಳೋಕೆ ವೇಗ ಬೇಕು. ಸೆಕೆಂಡಿಗೆ 2,000 ಅಡಿಯ ಆಸುಪಾಸಿಗೆ ಇಳಿದರೆ ಹಲವು ತಾಮ್ರದ ಗುಂಡುಗಳು ಪೆನ್ಸಿಲ್‌ನಂತೆ ತೂರಿ ಹೋಗಿಬಿಡುತ್ತವೆ. ಅದಕ್ಕೇ ಒಂದು ಮೆಟ್ಟಿಲು ಹಗುರ ಗುಂಡು ಆರಿಸಿ. .30-06ರಲ್ಲಿ ಸೀಸದ್ದು 180 ಹಾಕುವ ಕಡೆ ತಾಮ್ರದ್ದು 150 ಅಥವಾ 165. ಎರಡು, ಮುಂಚೆ ಸೀಸದ ಗುಂಡು ಹೊಡೆದ ನಳಿಗೆಯಾದರೆ ಒಳಗನ್ನು ಚೆನ್ನಾಗಿ ತೊಳೆದು, ಆಮೇಲೆ ತಾಮ್ರದ್ದು ಹೊಡೆದು ನೋಡಿ. ಕೆಲವು ರೈಫಲ್‌ಗಳು ಕೊಳೆ ಇರುವಾಗ ತಾಮ್ರದ ಗುಂಡುಗಳನ್ನು ಒಂದೇ ಕಡೆ ಗುಂಪಾಗಿ ಬೀಳಿಸಲ್ಲ.

ಎಷ್ಟು ಡಬ್ಬಿ, ಹೇಗೆ ಹೊಡೆದು ನೋಡುವುದು

ಮೂರು ಡಬ್ಬಿ ಕೊಳ್ಳಿ. ಮೂರರ ಮೇಲೂ ಲಾಟ್ ನಂಬರ್ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತಿನ ಗುರುತು) ಒಂದೇ ಇರಲಿ. ಒಂದೂವರೆ ಡಬ್ಬಿ ಗುರಿ ಕೂರಿಸೋಕೆ ಮತ್ತು ಅಭ್ಯಾಸಕ್ಕೆ, ಉಳಿದದ್ದು ಬೇಟೆಗೆ ಮತ್ತು ಮುಂದಿನ ವರ್ಷಕ್ಕೆ. ಅಗ್ಗದ ತೋಟೆಯಲ್ಲಿ ಗುರಿ ಕೂರಿಸಿ, ದುಬಾರಿಯದನ್ನು ಬೇಟೆಗೆ ಒಯ್ಯುವ ಜಾಣತನ ಮಾಡಬೇಡಿ. ತೂಕ ಒಂದೇ ಇದ್ದರೂ ಬೇರೆ ಡಬ್ಬಿಯ ಗುಂಡು 100 ಗಜದಲ್ಲೇ ಒಂದೆರಡು ಇಂಚು ಬೇರೆ ಕಡೆ ಬೀಳಬಹುದು. ಒದೆತ ಅಭ್ಯಾಸ ಆಗೋಕೆ, ಟ್ರಿಗರ್ ಎಳೆಯುವ ಕೈ ಹದಕ್ಕೆ ಬರೋಕೆ ಅಗ್ಗದ್ದು ಧಾರಾಳ ಹೊಡೀರಿ. ಗುರಿ ಕೂರಿಸುವುದು ಮಾತ್ರ ಬೇಟೆಯ ತೋಟೆಯಲ್ಲೇ.

ಮೇಜಿನ ಮೇಲೆ ಮರಳುಚೀಲ ಇಟ್ಟು ಹೊಡೆದದ್ದನ್ನು ನಂಬಬೇಡಿ. 200 ಗಜಕ್ಕೆ ಕೂರಿಸಿದ ಮೇಲೆ ನೆಲಕ್ಕೆ ಕೂತು, ಮಂಡಿಯೂರಿ, ಬೆನ್ನಿನ ಚೀಲದ ಮೇಲೆ ರೈಫಲ್ ಇಟ್ಟು ಹೊಡೆದು ನೋಡಿ. ಊಟದ ತಟ್ಟೆಗೆ ಐದಕ್ಕೆ ಐದೂ ಯಾವ ದೂರದವರೆಗೆ ಬೀಳುತ್ತದೋ ಅದೇ ನಿಮ್ಮ ದೂರ. ಹುಡುಗನದ್ದು 220 ಗಜಕ್ಕೆ ನಿಂತಿತು. ಬೇಜಾರು ಮಾಡಿಕೊಂಡ. 9,500 ಅಡಿ ಎತ್ತರದಲ್ಲಿ, ಏದುಸಿರು ಬಿಡುತ್ತಾ ಹತ್ತಿದ ಮೇಲೆ ಅದು 150 ಆಗುತ್ತೆ ಅಂತ ಹೇಳಿದಾಗ ಇನ್ನೂ ಬೇಜಾರಾಯಿತು.

ಬೇರೆ ರಾಜ್ಯಕ್ಕೆ ವಿಮಾನದಲ್ಲಿ ಹೋಗುವವರು ತೋಟೆಯನ್ನು ಕೈಚೀಲದಲ್ಲಿ ಮರೆತು ಕೂಡ ಇಡಬೇಡಿ. ಚೆಕ್-ಇನ್ ಸಾಮಾನಿನಲ್ಲಿ, ಅದರದ್ದೇ ಡಬ್ಬಿಯಲ್ಲಿ ಇರಲಿ. ಬಹುತೇಕ ವಿಮಾನ ಕಂಪನಿಗಳು 11 ಪೌಂಡ್, ಅಂದರೆ 5 ಕೆಜಿವರೆಗೆ ಬಿಡುತ್ತವೆ. ಬೇಟೆ ಮುಗಿಸಿ ಬಂದ ಕೋಟಿನ ಜೇಬನ್ನು ಎರಡು ಸಲ ತಡಕಿ ನೋಡಿ. ಒಂದೇ ಒಂದು ತೋಟೆ ಉಳಿದಿದ್ದರೂ ಸೆಕ್ಯುರಿಟಿಯಲ್ಲಿ ಆ ದಿನ ಮುಗಿಯಿತು.

ಹುಡುಗ ಕೊನೆಗೆ ತಗೊಂಡಿದ್ದು .30-06ರ 150 ಗ್ರೇನ್ ತಾಮ್ರದ ಮೂರು ಡಬ್ಬಿ. ನವೆಂಬರ್ ಮೊದಲ ವಾರ ಇನ್ನೊಂದು ಫೋಟೋ ಬಂತು. ಅಡುಗೆಮನೆಯ ತಕ್ಕಡಿ, ಅದರ ಮೇಲೆ ನಾಲ್ಕು ದಳ ಬಿಚ್ಚಿದ ತಾಮ್ರದ ಹೂವು, ತಕ್ಕಡಿಯಲ್ಲಿ 9.6 ಗ್ರಾಂ. ಹೊರಟಾಗ ಅದು 9.7 ಇತ್ತು. ಓರೆಯಾಗಿ ನಿಂತ ಹೆಣ್ಣು ಎಲ್ಕ್, 110 ಗಜ. ಭುಜ ಮುರಿದು, ಎದೆ ದಾಟಿ, ಆ ಕಡೆಯ ಚರ್ಮದ ಒಳಗೆ ನಿಂತಿದ್ದು ಸುಲಿಯುವಾಗ ಸಿಕ್ಕಿತಂತೆ. ಏಟು ಬಿದ್ದ ಮೇಲೂ ಎಲ್ಕ್ ಏನೂ ಆಗದ ಹಾಗೆ ಹತ್ತು ಹೆಜ್ಜೆ ನಡೆಯಿತು, ತಪ್ಪಿತು ಅಂದುಕೊಂಡು ಇವನು ಎರಡನೇ ತೋಟೆ ಏರಿಸಿದ್ದ, ಅಷ್ಟರಲ್ಲಿ ಕುಸಿಯಿತು.

ಶಹಬ್ಬಾಸ್ ಅಂತ ಬರೆದೆ. ತಕ್ಷಣ ಫೋನೇ ಬಂತು. ಫ್ರೀಜರ್ ತುಂಬಿದೆ, ಬಾಲ್ಕನಿಯ ಎರಡು ಐಸ್ ಪೆಟ್ಟಿಗೆಯೂ ತುಂಬಿದೆ, ರೂಮಿನವರು ಬೈತಿದಾರೆ. "ಅಣ್ಣಾ, ನಿಮ್ಮನೇಲಿ ಮಾಂಸಕ್ಕೆ ಹಾಕೋ ಕಾಚಂಪುಳಿ ಇದೆ ಅಂದಿದ್ರಲ್ವಾ? ಒಂದು ಇಪ್ಪತ್ತು ಕೆಜಿ ತಗೊಂಡು ಭಾನುವಾರ ಬರ್ಲಾ?"